ಅಪ್ಪನ ವ್ಯಾಗನ್ ಆರ್‌ಗೆ 15 ವರ್ಷ ಆಗ್ತಾ ಬಂತು, ಆರ್‌ಸಿ ರಿನೀವಲ್‌ಗೆ ಮೊದಲು ಯಾವ ಕೆಲಸ ಮಾಡಿಸಬೇಕು?

ಹಂಗಾರಕಟ್ಟೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನ ಹತ್ತಿರ 2011ರ ಮೇ ತಿಂಗಳಲ್ಲಿ ನೋಂದಣಿಯಾದ ವ್ಯಾಗನ್ ಆರ್ ಇದೆ. ಪೆಟ್ರೋಲ್, ಕೆಎ 20 ನಂಬರ್. ಬರುವ ಮೇಯಲ್ಲಿ ಆರ್‌ಸಿ ಅವಧಿ ಮುಗಿಯುತ್ತದೆ. ಓಡಿದ್ದು ಬರೀ 62,000 ಕಿಲೋಮೀಟರ್. ಬ್ರಹ್ಮಾವರ ಪೇಟೆ, ಉಡುಪಿಯ ಆಸ್ಪತ್ರೆ, ವರ್ಷಕ್ಕೆ ಒಂದೆರಡು ಸಲ ಆಗುಂಬೆ ಹತ್ತಿ ಶೃಂಗೇರಿ, ಇಷ್ಟೇ ಅದರ ಓಡಾಟ. ಮನೆ ಅಳಿವೆಯ ಹತ್ತಿರ, ಹೊಳೆ ಬದಿಯಲ್ಲಿದೆ. ಗಾಡಿ ಅಂಗಳದಲ್ಲಿ ಮಾವಿನ ಮರದ ಕೆಳಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಅಪ್ಪ ಮೇಲೆ ಕವರ್ ಹಾಕುತ್ತಾರೆ.

ಇಬ್ಬರು ಗ್ಯಾರೇಜಿನವರನ್ನು ಕೇಳಿದೆವು. ಒಬ್ಬರು ಹೊರಗಿನಿಂದಲೇ ಸುತ್ತು ಹಾಕಿ, "ಫುಲ್ ಪೇಂಟ್, ಪಾಲಿಶ್ ಮಾಡಿಸಿ. ಗಾಡಿ ಹೊಸದರ ಹಾಗೆ ಕಂಡರೆ ಆರ್‌ಟಿಒದಲ್ಲಿ ಪಾಸ್" ಎಂದು 48,000 ರೂಪಾಯಿ ಹೇಳಿದರು. ಇನ್ನೊಬ್ಬರು "ಇದಕ್ಕೆ ಹಣ ಹಾಕಬೇಡಿ, ಬಂದಷ್ಟಕ್ಕೆ ಕೊಟ್ಟುಬಿಡಿ" ಎಂದರು. ಅಪ್ಪ ಕೊಡಲು ಒಪ್ಪುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು. ಈ ಗಾಡಿಯ ಸೀಟು ಎತ್ತರ ಇರುವುದರಿಂದ ಯಾರ ಕೈ ಹಿಡಿಯದೆ ಹತ್ತಿ ಇಳಿಯುತ್ತಾರೆ. ನನಗೂ ಗಾಡಿ ಉಳಿಸಬೇಕೆಂದೇ ಆಸೆ. ಆದರೆ ಅವರಿಬ್ಬರು ಅದರಲ್ಲಿ ಕೂತು ಘಾಟಿ ಇಳಿಯುವವರು, ಹಾಗಾಗಿ ಪಾಸಾದರೆ ಸಾಕು ಎನ್ನುವ ಲೆಕ್ಕ ನನಗೆ ಬೇಡ.

ಆರ್‌ಟಿಒದಲ್ಲಿ ನಿಜವಾಗಿ ಏನು ನೋಡುತ್ತಾರೆ? ಯಾವ ಕೆಲಸಕ್ಕೆ ಮೊದಲು ಹಣ ಹಾಕಬೇಕು? ತಿಳಿದವರು ದಯವಿಟ್ಟು ಹೇಳಿ.

ಸಾಲಿಗ್ರಾಮ ಗ್ಯಾರೇಜು:

ಟೀಚರ್, ಯಾರಿಗೂ ಒಂದು ರೂಪಾಯಿ ಕೊಡುವ ಮೊದಲು ಗಾಡಿಯನ್ನು ಲಿಫ್ಟಿಗೆ ಹಾಕಿಸಿ ಕೆಳಗಿನಿಂದ ನೋಡಿ. ಗ್ಯಾರೇಜಿನವರು ನೋಡಿದರೆ ಸಾಲದು, ನೀವೂ ಕೆಳಗೆ ನಿಂತು ಟಾರ್ಚ್ ಹಿಡಿದು ನೋಡಿ. ನಾನು ಸಾಲಿಗ್ರಾಮದಲ್ಲಿ ಸಣ್ಣ ಗ್ಯಾರೇಜು ನಡೆಸುವವನು. ನನ್ನಲ್ಲಿಗೇ ತನ್ನಿ ಎಂದು ಹೇಳುತ್ತಿಲ್ಲ, ಬ್ರಹ್ಮಾವರದಲ್ಲೇ ಒಳ್ಳೆಯ ಕೆಲಸದವರಿದ್ದಾರೆ. ಆದರೆ ಹೊರಗಿನಿಂದ ಸುತ್ತು ಹಾಕಿ ರೇಟು ಹೇಳುವವರ ಹತ್ತಿರ ಮಾತ್ರ ಹೋಗಬೇಡಿ.

ನಮ್ಮ ಕರಾವಳಿಯಲ್ಲಿ ಗಾಡಿ ಹಾಳಾಗುವುದು ಇಂಜಿನ್‌ನಿಂದ ಅಲ್ಲ, ಅಡಿಯಿಂದ. ನಿಮ್ಮದು ಕೆ10 ಇಂಜಿನ್. ಅದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ಸರಿಯಾಗಿ ಬದಲಾಯಿಸಿದ್ದರೆ 62,000 ಅದಕ್ಕೆ ಏನೂ ಅಲ್ಲ. ತಗಡಿನ ಕಥೆ ಬೇರೆ. ನಮ್ಮ ಗಾಳಿಯಲ್ಲಿ ಉಪ್ಪು ಇದೆ. ಅದು ಹೋಗಿ ಸಂದುಗೊಂದಿನಲ್ಲಿ ಕೂರುತ್ತದೆ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗಲು ಶುರುವಾಗುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಅಡುಗೆ ಮನೆಯ ಉಪ್ಪಿನ ಡಬ್ಬಿ ನೀರು ಬಿಡುತ್ತದಲ್ಲ, ಅದೇ ನಿಮ್ಮ ಗಾಡಿಯ ಅಡಿಯಲ್ಲೂ ಆಗುವುದು. ಮಳೆ ನಿಂತು ನಾಲ್ಕು ದಿನ ಬಿಸಿಲು ಬಂದರೂ ಆ ಸಂದು ಒಣಗುವುದಿಲ್ಲ. ಘಟ್ಟದ ಮೇಲಿನ ಗಾಡಿ ಇದಕ್ಕಿಂತ ಜಾಸ್ತಿ ಓಡಿದ್ದರೂ ಅಡಿ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಹೊಳೆ ಬದಿ, ಮರದಡಿ, ಮೇಲೆ ಕವರ್, ಕೆಳಗೆ ಹಸಿ ಮಣ್ಣು, ಕಮ್ಮಿ ಓಡಾಟ. ನೀವು ಬರೆದದ್ದರಲ್ಲಿ ನನಗೆ ಹೆದರಿಕೆ ಆಗಿದ್ದು ಇವೇ.

ಲಿಫ್ಟಿನಲ್ಲಿ ಮೊದಲು ನೋಡಬೇಕಾದದ್ದು ಬ್ರೇಕ್ ಪೈಪ್. ಮುಂದಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ತೆಳು ಪೈಪು ಅದು. ಮೇಲೆ ಬರೀ ಕಂದು ಬಣ್ಣ ಇದ್ದರೆ ಅಷ್ಟು ಭಯವಿಲ್ಲ. ಉಗುರಿನಲ್ಲಿ ಕೆರೆದಾಗ ಹಕ್ಕಳೆ ಎದ್ದು ಬಂದರೆ ಬದಲಾಯಿಸಲೇಬೇಕು. ಅಂಥ ಪೈಪು ದಿನವೂ ಸುಮ್ನೆ ಕೆಲಸ ಮಾಡುತ್ತಾ ಇರುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಒಡೆಯುತ್ತದೆ.

ಆಮೇಲೆ ಶಾಕ್ ಅಬ್ಸಾರ್ಬರ್ ಮೇಲೆ ಹೋಗಿ ಕೂರುವ ಕಪ್. ಇದನ್ನು ಬಾನೆಟ್ ತೆಗೆದು ಮೇಲಿನಿಂದಲೂ, ಚಕ್ರದ ಒಳಗಿನಿಂದಲೂ ನೋಡಬೇಕು. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಬಾಡಿಗೆ ಬೋಲ್ಟ್ ಆಗುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್, ಸೀಟ್ ಬೆಲ್ಟ್ ಬೋಲ್ಟ್ ಇರುವ ಜಾಗ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಲು ಹೇಳಿ. ಒಳ್ಳೆ ತಗಡು ಟಣ್ ಅನ್ನುತ್ತದೆ. ಕೊಳೆತದ್ದು ಮಂದ ಸದ್ದು ಮಾಡಿ ಒಳಗೆ ಹೋಗುತ್ತದೆ. ಮಡ್‌ಗಾರ್ಡಿನ ಅಂಚು, ಬಾಗಿಲಿನ ಕೆಳತುದಿ, ಡಿಕ್ಕಿಯ ಅಂಚು ತುಕ್ಕು ಹಿಡಿದಿದ್ದರೆ ಅದು ನೋಟಕ್ಕೆ ಕೆಟ್ಟದು, ಜೀವಕ್ಕೆ ಅಪಾಯವಿಲ್ಲ. ನಾನು ಮೇಲೆ ಹೇಳಿದ ಜಾಗಗಳು ಹೋಗಿದ್ದರೆ ಎಷ್ಟು ಪೇಂಟ್ ಹೊಡೆದರೂ ಪ್ರಯೋಜನವಿಲ್ಲ. ಎರಡೂ ಕಪ್ ಕೊಳೆತಿದ್ದರೆ ನಾನೇ ನಿಮಗೆ ಗಾಡಿ ಬಿಟ್ಟುಬಿಡಿ ಎನ್ನುತ್ತೇನೆ. ಅದು ಗಟ್ಟಿ ಇದ್ದರೆ ಉಳಿಸಿಕೊಳ್ಳಿ.

ಬ್ರೇಕಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನೀವು ಆಗುಂಬೆ ಎಂದು ಬರೆದಿದ್ದೀರಿ. ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಪೂರ್ತಿ ಬದಲಾಯಿಸಿದ್ದು ಎಂದು ಅಪ್ಪನನ್ನು ಕೇಳಿ. ಕಡಿಮೆಯಾದಾಗ ಮೇಲಿನಿಂದ ಸುರಿದದ್ದು ಲೆಕ್ಕಕ್ಕಿಲ್ಲ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿರುವಾಗ ಕಡಿಮೆಯೆಂದರೂ 205 ಡಿಗ್ರಿವರೆಗೆ ಕುದಿಯಬಾರದು ಎಂಬ ಅಳತೆ ಇದೆ. ನೀರು ಸೇರಿದ ಮೇಲೆ ಆ ಅಳತೆ 140ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಗಾಡಿ ಓಡಿರಲಿ ಬಿಡಲಿ. ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯಲು ಅಪ್ಪನಿಗೆ ಹೇಳಿ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಒದ್ದೆ ಇದೆಯಾ ನೋಡಿಸಿ. ಕಮ್ಮಿ ಓಡುವ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕಿಗೆ ಹಿಡಿದುಕೊಂಡಿರುತ್ತದೆ, ಅದನ್ನೂ ಬಿಡಿಸಬೇಕು.

ಟಯರ್: ಹೂವು (ನೆಲಕ್ಕೆ ತಾಗುವ ಕಡೆಯ ಗೀರು) ಚೆನ್ನಾಗಿದೆ ಎಂದು ನಂಬಬೇಡಿ. ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದು, ಬದಿಯಲ್ಲಿ ಸಣ್ಣ ಬಿರುಕೂ ಇದ್ದರೆ ಬದಲಾಯಿಸಿ. ಕಾನೂನಿಗೆ 1.6 ಮಿಲಿಮೀಟರ್ ಹೂವು ಸಾಕು. ನಮ್ಮ ಮಳೆಗೆ, ಹೆದ್ದಾರಿ 66ರಲ್ಲಿ ನೀರು ನಿಂತಿರುವಾಗ, 3ಕ್ಕಿಂತ ಕಮ್ಮಿ ಇದ್ದರೆ ನಾನು ಯಾರನ್ನೂ ಕಳಿಸುವುದಿಲ್ಲ.

ಈಗ ಆರ್‌ಟಿಒ ವಿಷಯ. ಬ್ರೇಕ್ ಇನ್‌ಸ್ಪೆಕ್ಟರ್‌ಗೆ ನಿಮ್ಮ ಪಾಲಿಶ್ ಬೇಕಾಗಿಲ್ಲ. ಅವರು ಮೊದಲು ನೋಡುವುದು ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ಸರಿ ಹೊಂದುತ್ತದಾ ಎಂದು. ನಮ್ಮ ಕಡೆಯ ಹಳೇ ಗಾಡಿಗಳು ತೊಂದರೆಗೆ ಬೀಳುವುದು ಇಲ್ಲೇ. ತಗಡಿಗೆ ಒತ್ತಿದ ನಂಬರನ್ನು ತುಕ್ಕು ತಿಂದಿರುತ್ತದೆ, 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ನಂಬರ್ ಎಲ್ಲಿದೆ ಎಂದು ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗಿನ ಗೋಡೆಯಲ್ಲಿ, ಕೆಲವದರಲ್ಲಿ ಸೀಟಿನ ಕೆಳಗೆ ಇರುತ್ತದೆ. ಈ ವಾರವೇ ನೋಡಿ. ತುಕ್ಕು ಇದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ಅಷ್ಟೇ. ಗ್ರೈಂಡರ್ ಬೇಡ, ಉಜ್ಜುವ ಕಾಗದ ಬೇಡ, ಅದರ ಹತ್ತಿರ ಪೇಂಟ್ ಹೊಡೆಯುವುದೂ ಬೇಡ. ನಂಬರ್ ಉಜ್ಜಿದ ಗುರುತು ಕಂಡರೆ ಕದ್ದ ಗಾಡಿಯೋ ಎಂಬ ಅನುಮಾನ ಬರುತ್ತದೆ. ಆಮೇಲೆ ನೀವು ಎಷ್ಟು ವಿವರಿಸಿದರೂ ಕಷ್ಟ. ಒರೆಸಿದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ತೀಡಿ ಪ್ರಿಂಟ್ ತೆಗೆದಿಡಿ, ಅರ್ಜಿಗೂ ಬೇಕಾಗುತ್ತದೆ.

ಉಳಿದದ್ದು ಲೈಟು, ಇಂಡಿಕೇಟರ್, ಬ್ರೇಕ್ ಲೈಟ್, ರಿವರ್ಸ್ ಲೈಟ್, ಹಾರನ್, ವೈಪರ್, ಸೀಟ್ ಬೆಲ್ಟ್, ಕನ್ನಡಿ, ಮುಂದಿನ ಗ್ಲಾಸಿನಲ್ಲಿ ಬಿರುಕು. ನಂಬರ್ ಪ್ಲೇಟಿನ ಮೇಲಿನ ಸಣ್ಣ ಬಲ್ಬನ್ನು ಎಲ್ಲರೂ ಮರೆಯುತ್ತಾರೆ. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟೂ ಮಿನುಗಿದರೆ ಬಲ್ಬ್ ತಪ್ಪಲ್ಲ, ಅರ್ತ್ ವೈರ್ ತುದಿ ತುಕ್ಕು ಹಿಡಿದಿರುತ್ತದೆ. ಅದನ್ನು ಕೆರೆದು ಬಿಗಿ ಮಾಡಿದರೆ ಸರಿಹೋಗುತ್ತದೆ. ಹೆಡ್‌ಲೈಟ್ ಗ್ಲಾಸ್ ಹಳದಿಯಾಗಿದ್ದರೆ ಬಫ್ ಮಾಡಿಸಿ. ಕಣ್ಣಿಗೆ ಚುಚ್ಚುವ ಬಿಳಿ ಬಲ್ಬ್ ಮಾತ್ರ ಹಾಕಿಸಬೇಡಿ.

ಎಮಿಷನ್ ಟೆಸ್ಟಿಗೆ ಮೊದಲು ಏರ್ ಫಿಲ್ಟರ್, ಪ್ಲಗ್ ನೋಡಿಸಿ. ಸೈಲೆನ್ಸರ್ ಜಾಯಿಂಟಿನಲ್ಲಿ ತೂತು ಇದ್ದರೆ ಹೊರಗಿನ ಗಾಳಿ ಸೇರಿ ಅಳತೆ ತಪ್ಪುತ್ತದೆ. ಮನೆಯಿಂದ ಹೊರಟ ಕೂಡಲೇ ಟೆಸ್ಟಿಗೆ ನಿಲ್ಲಿಸಬೇಡಿ, ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಹೊಗೆಯ ಮಾನದಂಡದಲ್ಲಿ ನಿಮ್ಮ ಗಾಡಿ ಬಿಎಸ್ 3 ಆದರೆ ಸರ್ಟಿಫಿಕೇಟ್ 6 ತಿಂಗಳಿಗೆ, ಬಿಎಸ್ 4 ಆದರೆ 1 ವರ್ಷಕ್ಕೆ ಸಿಗುತ್ತದೆ.

ಲಿಫ್ಟಿನಲ್ಲಿ ಕಂಡದ್ದನ್ನು ಇಲ್ಲಿ ಬರೆಯಿರಿ. ಆಮೇಲೆ ಯಾವುದಕ್ಕೆ ಹಣ ಎಂದು ಹೇಳುತ್ತೇನೆ. ಪೇಂಟಿಗೆ ಈಗಲೇ ಅಡ್ವಾನ್ಸ್ ಕೊಡಬೇಡಿ.

ಕಂಕನಾಡಿ ಹಳದಿ ಬೋರ್ಡ್:

ಅಕ್ಕ, ಸಾಲಿಗ್ರಾಮದ ಅಣ್ಣ ಗಾಡಿಯದ್ದು ಎಲ್ಲ ಹೇಳಿದ್ದಾರೆ. ನಾನು ಕಾಗದಪತ್ರದ್ದು ಹೇಳುತ್ತೇನೆ. ನಮ್ಮದು ಟ್ಯಾಕ್ಸಿ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಬೇಕು. ಹಾಗಾಗಿ ಆರ್‌ಟಿಒ ಮೆಟ್ಟಿಲು ನಮಗೆ ಹೊಸದಲ್ಲ. ನಿಮ್ಮ ಸ್ವಂತ ಗಾಡಿಗೆ 15 ವರ್ಷಕ್ಕೆ ಒಮ್ಮೆ, ಆಮೇಲೆ 5 ವರ್ಷಕ್ಕೊಮ್ಮೆ.

ಅರ್ಜಿ ಫಾರಂ 25. ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಬಹುದು. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು, ಅಂದರೆ ನಿಮಗೆ ಮಾರ್ಚ್‌ನಲ್ಲೇ ಶುರು. ಮೇ ಕೊನೆಯವರೆಗೆ ಕಾಯಬೇಡಿ. ಅವಧಿ ಮೀರಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಎಂದರೆ ಆ ದಿನಗಳಲ್ಲಿ ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ರಿನೀವಲ್ ಫೀಸು ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಆಗಿದೆ. ಗ್ರೀನ್ ಟ್ಯಾಕ್ಸ್ ಬೇರೆ. ಕಟ್ಟುವಾಗ ವೆಬ್‌ಸೈಟ್ ತೋರಿಸುವ ಮೊತ್ತವನ್ನೇ ಕಟ್ಟಿ, ನಡುವಿನವರು ಹೇಳುವ ಮೊತ್ತವನ್ನಲ್ಲ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ಸಾಲ ತೀರಿಸಿ ಹತ್ತು ವರ್ಷ ಆದರೂ ಎಷ್ಟೋ ಜನ ಹೆಸರು ತೆಗೆಸಿರುವುದಿಲ್ಲ. ಬ್ಯಾಂಕಿನಿಂದ ಸಾಲ ತೀರಿದೆ ಎಂಬ ಎನ್‌ಒಸಿ ಮತ್ತು ಫಾರಂ 35 ತಂದು ಮೊದಲೇ ತೆಗೆಸಿಬಿಡಿ. ಆ ಬ್ಯಾಂಕ್ ಬೇರೆ ಬ್ಯಾಂಕಿಗೆ ಸೇರಿಹೋಗಿದ್ದರೆ ಓಡಾಟ ಜಾಸ್ತಿ ಆಗುತ್ತದೆ, ಅದಕ್ಕೇ ಈಗಲೇ ಹೇಳುವುದು. ಅಪ್ಪನ ಮೊಬೈಲ್ ನಂಬರ್ ಆರ್‌ಸಿಗೆ ಜೋಡಿಸಿರಬೇಕು, ಒಟಿಪಿ ಅದಕ್ಕೇ ಬರುವುದು. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು. ಟ್ರಾಫಿಕ್ ದಂಡ ಬಾಕಿ ಇದ್ದರೆ ಕಟ್ಟಿ ಮುಗಿಸಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದೀರಿ ಅಲ್ವಾ? ಗ್ಲಾಸಿಗೆ ಕಪ್ಪು ಫಿಲ್ಮ್, ಮುಂದೆ ಕಬ್ಬಿಣದ ಗಾರ್ಡ್ ಇದ್ದರೆ ತೆಗೆಸಿಯೇ ಹೋಗಿ. ಪೇಂಟ್ ಮಾಡಿಸುವುದಾದರೂ ಆರ್‌ಸಿಯಲ್ಲಿ ಬರೆದ ಬಣ್ಣವೇ ಇರಲಿ.

ಮತ್ತೆ, ನಾವು ಮಂಗಳೂರಿನಲ್ಲಿ ಮಳೆಗಾಲಕ್ಕೆ ಮೊದಲು ವಾಟರ್ ಸರ್ವಿಸ್ ಮಾಡಿಸಿ ಅಡಿಗೆ ಹಳೇ ಇಂಜಿನ್ ಆಯಿಲ್ ಹೊಡೆಸುತ್ತೇವೆ. ಖರ್ಚು ಕಮ್ಮಿ, ತುಕ್ಕೂ ಬರುವುದಿಲ್ಲ. ನೀವೂ ಮಾಡಿಸಬಹುದು.

ಹಂಗಾರಕಟ್ಟೆ ಟೀಚರ್:

ಇಬ್ಬರಿಗೂ ತುಂಬಾ ಧನ್ಯವಾದ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಪ್ಪನೊಟ್ಟಿಗೆ ಹೋಗಿ ಲಿಫ್ಟಿಗೆ ಹಾಕಿಸಿದೆ. ಅಣ್ಣ ಹೇಳಿದ ಜಾಗಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಒಂದೊಂದನ್ನೂ ಬಡಿದು ತೋರಿಸಿದರು.

ಎರಡೂ ಕಪ್ ಗಟ್ಟಿ ಇವೆ, ಟಣ್ ಎನ್ನುತ್ತವೆ. ಲೋವರ್ ಆರ್ಮ್ ಜಾಗವೂ ಸರಿ ಇದೆಯಂತೆ, ಅದರ ರಬ್ಬರ್ ಬುಷ್ ಮಾತ್ರ ಹೋಗಿದೆ. ಬ್ರೇಕ್ ಪೈಪ್ ಹಿಂದಿನ ಕಡೆ ಹಕ್ಕಳೆ ಏಳುತ್ತದೆ. ಸೈಲೆನ್ಸರ್ ಜಾಯಿಂಟ್ ತೂತಾಗಿದೆ. ಟಯರ್ ಮೇಲೆ 0817 ಎಂದಿದೆ! ಹೂವು ನೋಡಿದರೆ ಹೊಸದೆನಿಸುತ್ತದೆ. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದೆ, ಯಾವಾಗ ಬದಲಾಯಿಸಿದ್ದೆಂದು ಅಪ್ಪನಿಗೆ ನೆನಪಿಲ್ಲ. ಚಾಸಿ ನಂಬರ್ ಸ್ಪಷ್ಟವಾಗಿದೆ, ಪ್ರಿಂಟ್ ತೆಗೆದಿಟ್ಟೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆ, ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.

ಆದರೆ ಡ್ರೈವರ್ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಒದ್ದೆ ಇತ್ತು. ಎತ್ತಿ ನೋಡಿದರೆ ತಗಡಿನಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ತೂತು, ಸುತ್ತ ಅಂಗೈ ಅಗಲದ ತುಕ್ಕು. ಗ್ಯಾರೇಜಿನವರು "ಇದಕ್ಕೆ ಎಂ-ಸೀಲ್ ತುಂಬಿ, ಅಡಿಗೆಲ್ಲ ಕಪ್ಪು ಕೋಟಿಂಗ್ ಹೊಡೆದರೆ ಯಾರಿಗೂ ಕಾಣುವುದಿಲ್ಲ" ಎನ್ನುತ್ತಾರೆ. ಹಾಗೆ ಮಾಡಬಹುದಾ? ಹಳೇ ಆಯಿಲ್ ಹೊಡೆಸಿದರೆ ಸಾಕಾ?

ಸಾಲಿಗ್ರಾಮ ಗ್ಯಾರೇಜು:

ಎರಡೂ ಬೇಡ ಟೀಚರ್. ಕಪ್ ಗಟ್ಟಿ ಇದೆ ಎಂದು ಓದಿ ನನಗೆ ಸಮಾಧಾನವಾಯಿತು. ನಿಮ್ಮ ಗಾಡಿ ಉಳಿಯುತ್ತದೆ. ಆದರೆ ಆ ತೂತನ್ನು ಮುಚ್ಚಿಡುವುದು ಬೇಡ.

ತುಕ್ಕಿನ ಮೇಲೆ ಕೋಟಿಂಗ್ ಹೊಡೆದರೆ ತುಕ್ಕು ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ ಅಷ್ಟೇ. ಕೋಟಿಂಗಿನ ಹಿಂದೆ ತೇವ ಸಿಕ್ಕಿಹಾಕಿಕೊಂಡು ಮೊದಲಿಗಿಂತ ಬೇಗ ತಿನ್ನುತ್ತದೆ. ಮೇಲೆ ಕಪ್ಪು ಸಿಪ್ಪೆ ಚೆನ್ನಾಗಿ ಕಂಡು, ಒಳಗೆ ತಗಡೇ ಇಲ್ಲದ ಗಾಡಿಗಳು ನನ್ನ ಲಿಫ್ಟಿನ ಮೇಲೆ ಎಷ್ಟೋ ಬಂದಿವೆ. ಕೈ ಇಟ್ಟರೆ ಸಿಪ್ಪೆಯೊಟ್ಟಿಗೆ ನೆಲವೇ ಕೈಗೆ ಬರುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕಿ. ಇದನ್ನು ಬಿಟ್ಟು ವೆಲ್ಡಿಂಗ್ ಮಾಡಿಸಿದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ತೂತು. ಎ.ಸಿ. ನೀರು ಹೋಗುವ ಪೈಪ್ ಕಟ್ಟಿದರೆ ಸಾಮಾನ್ಯವಾಗಿ ಎಡಗಡೆ ಒದ್ದೆಯಾಗುತ್ತದೆ, ನಿಮ್ಮದು ಬಲಗಡೆ. ನೀರು ಅಂಟಂಟಾಗಿದ್ದು ಸಿಹಿ ವಾಸನೆ ಇದ್ದರೆ ಕೂಲೆಂಟ್, ಅದು ಬೇರೆ ರಿಪೇರಿ. ಬರೀ ನೀರಾದರೆ ನನ್ನ ಅನುಮಾನ ಮಾವಿನ ಎಲೆಯ ಮೇಲೆ. ವೈಪರ್ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲಿ ಇದೆಯಲ್ಲ, ಅದನ್ನು ಬಿಚ್ಚಿಸಿ. ಅದರೊಳಗೆ ಎಲೆ ಕೊಳೆತು ಗೊಬ್ಬರವಾಗಿ ನೀರು ಹೋಗುವ ದಾರಿ ಕಟ್ಟಿರುತ್ತದೆ. ನೀರು ಅಲ್ಲಿ ತುಂಬಿ ಒಳಗೆ ಇಳಿಯುತ್ತದೆ. ಕಾರ್ಪೆಟ್ ಪೂರ್ತಿ ತೆಗೆದಿಟ್ಟು, ಒಬ್ಬರು ಹೊರಗಿನಿಂದ ಮುಂದಿನ ಗ್ಲಾಸಿನ ಬುಡಕ್ಕೆ ಚೊಂಬಿನಲ್ಲಿ ನಿಧಾನ ನೀರು ಹಾಕಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ಬರದಿದ್ದರೆ ಗ್ಲಾಸಿನ ರಬ್ಬರ್ ಮೇಲೆ ಹಾಕಿ, ಆಮೇಲೆ ಬಾಗಿಲಿನ ಮೇಲೆ. ಎಲ್ಲ ಒಟ್ಟಿಗೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತು ಇರುತ್ತವೆ, ನೀರು ಹೋಗಲೆಂದೇ ಕಂಪನಿಯವರು ಬಿಟ್ಟದ್ದು. ಹಿಡಿಸೂಡಿ ಕಡ್ಡಿ ಹಾಕಿ ಅವನ್ನೂ ಬಿಡಿಸಿ.

ಆಮೇಲೆ ಟಿಂಕರಿಂಗ್. ಕೊಳೆತ ತಗಡನ್ನು ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ನಾಣ್ಯದಷ್ಟಿದ್ದ ತೂತು ಆಗ ಊಟದ ತಟ್ಟೆಯಷ್ಟಾಗಬಹುದು, ಹೆದರಬೇಡಿ. ಹೊಸ ತಗಡು ಇಟ್ಟು ವೆಲ್ಡ್ ಮಾಡಿ, ಪ್ರೈಮರ್ ಹಾಕಿ, ಜಾಯಿಂಟಿಗೆ ಸುತ್ತ ಸೀಲರ್ ಹಾಕಿ, ಎಲ್ಲ ಒಣಗಿದ ಮೇಲೆ ಅಡಿಗೆ ಕೋಟಿಂಗ್. ಈ ಹಂತದಲ್ಲಿ ಕೋಟಿಂಗ್ ಒಳ್ಳೆಯದೇ, ನಾನೂ ಹೊಡೆಯುತ್ತೇನೆ. ಆದರೆ ಅಡಿ ಪೂರ್ತಿ ತೊಳೆದು ಒಣಗಿರಬೇಕು. ನೀರು ಹೋಗುವ ತೂತುಗಳನ್ನು ಮುಚ್ಚಬಾರದು, ಸೈಲೆನ್ಸರ್ ಮೇಲೆ, ಬ್ರೇಕಿನ ಮೇಲೆ ಬೀಳಬಾರದು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚಿದರಾ, ಪೆಟ್ರೋಲ್ ಪೈಪ್ ಎಲ್ಲಿ ಹೋಗುತ್ತದೆಂದು ನೋಡಿಕೊಂಡರಾ, ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇದೆಯಾ, ಈ ಮೂರನ್ನು ನಿಂತು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರಾದರೆ ಬೇರೆಯವರನ್ನು ನೋಡಿ.

ಕಂಕನಾಡಿಯ ಅಣ್ಣನಿಗೆ: ಆಯಿಲ್ ಹೊಡೆಸಿದರೆ ತುಕ್ಕು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಅದು ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ರಬ್ಬರ್ ಎಲ್ಲವನ್ನೂ ಉಬ್ಬಿಸಿ ಹಾಳು ಮಾಡುತ್ತದೆ. ಬ್ರೇಕ್ ಡಿಸ್ಕಿಗೆ ಹಾರಿದರೆ ಬ್ರೇಕೇ ಹಿಡಿಯುವುದಿಲ್ಲ. ಮೊದಲ ಮಳೆಗೆ ಅದೆಲ್ಲ ತೊಳೆದು ಅಂಗಳಕ್ಕೆ ಇಳಿಯುತ್ತದೆ. ಟೀಚರ್ ಮನೆಯಲ್ಲಿ ಬಾವಿ ಇದ್ದೇ ಇರುತ್ತದೆ. ಕುಡಿಯುವ ನೀರಿಗೆ ಸುಟ್ಟ ಆಯಿಲ್ ಸೇರುವುದು ಬೇಡ ಮಾರಾಯ್ರೆ. ವಾಟರ್ ಸರ್ವಿಸ್‌ನವರು ಕೊನೆಗೆ ಡೀಸೆಲ್ ಹೊಡೆಯುತ್ತಾರಲ್ಲ, ಅದನ್ನೂ ಬೇಡ ಎನ್ನಿ.

ಹಣದ ವಿಷಯಕ್ಕೆ ಬಂದರೆ, ಮೊದಲು ಬ್ರೇಕ್ ಪೈಪ್, ಬ್ರೇಕ್ ಆಯಿಲ್. ಪೈಪು ಹಾಳಾದ ತುಂಡು ಮಾತ್ರ ಕತ್ತರಿಸಿ ಜೋಡಿಸುತ್ತೇನೆ ಎಂದರೆ ಒಪ್ಪಬೇಡಿ, ಉದ್ದಕ್ಕೂ ಹೊಸದು ಹಾಕಿಸಿ. ಜೊತೆಗೇ ಟಯರ್. 0817 ಎಂದರೆ 2017ರ ಫೆಬ್ರವರಿಯದ್ದು, ಅದರಲ್ಲಿ ಇನ್ನು ಘಾಟಿ ಬೇಡ. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದು ಗಾಡಿಯೊಟ್ಟಿಗೆ ಬಂದದ್ದೇ ಇರಬಹುದು. ಆಮೇಲೆ ನೆಲದ ವೆಲ್ಡಿಂಗ್, ಬುಷ್, ಸೈಲೆನ್ಸರ್. ಬುಷ್ ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟಯರ್ ಒಂದೇ ಬದಿ ಸವೆಯುತ್ತದೆ. ಇಷ್ಟೆಲ್ಲ ಮುಗಿಸಿ ಹಣ ಉಳಿದರೆ ಪೇಂಟ್. ಆ 48,000ದಲ್ಲಿ ಇವುಗಳಲ್ಲಿ ಒಂದೂ ಸೇರಿರಲಿಲ್ಲ ನೋಡಿ.

ಇವೆಲ್ಲ ಮಾರ್ಚ್, ಏಪ್ರಿಲ್ ಬಿಸಿಲಲ್ಲೇ ಮುಗಿಯಬೇಕು. ಜೂನ್ ಬಂದ ಮೇಲೆ ಪ್ರೈಮರ್ ಸರಿಯಾಗಿ ಒಣಗುವುದಿಲ್ಲ, ಆಗ ಕೆಲಸಕ್ಕೆ ತಂದವರನ್ನು ನಾನೇ ಎಷ್ಟೋ ಸಲ ಅಕ್ಟೋಬರ್‌ಗೆ ಬನ್ನಿ ಎಂದು ಕಳಿಸಿದ್ದೇನೆ.

ಸುರತ್ಕಲ್ ಕಡಲಬದಿ:

ನಮ್ಮ ಮನೆಯಿಂದ ಅಲೆಯ ಸದ್ದು ಕೇಳುತ್ತದೆ, ಹಾಗಾಗಿ ತುಕ್ಕಿನ ಚಿಂತೆ ನನಗೂ ಇದ್ದದ್ದೇ. ರಿಪೇರಿ ಆದ ಮೇಲಿನದ್ದು ಎರಡು ಮಾತು ಸೇರಿಸುತ್ತೇನೆ.

ಆ ಕವರ್ ಬಿಡಿಸಿ. ಮಳೆಗಾಲದಲ್ಲಿ ಒದ್ದೆ ಗಾಡಿಗೆ ಕವರ್ ಹಾಕಿದರೆ ತೇವ ಒಳಗೇ ಕೂರುತ್ತದೆ. ಮೇಲೆ ಶೀಟ್ ಹಾಕಿ ನಾಲ್ಕು ಬದಿ ಗಾಳಿ ಆಡುವ ಹಾಗೆ ಬಿಟ್ಟರೆ ಸಾಕು. ಕೆಳಗೆ ಮಣ್ಣಿನ ಬದಲು ಕಲ್ಲೋ ಸಿಮೆಂಟೋ ಇರಲಿ. ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಒಳ್ಳೆಯದಾಗುವುದಿಲ್ಲ, ಸೈಲೆನ್ಸರ್ ಒಳಗೆ ನೀರು ನಿಂತು ಅದೇ ಮೊದಲು ಹೋಗುತ್ತದೆ. ಹೊರಟರೆ ಅರ್ಧ ಗಂಟೆಯಾದರೂ ಓಡಿಸಬೇಕು.

ಹೆದ್ದಾರಿಯಲ್ಲಿ ಮಲ್ಪೆಯಿಂದ ಬರುವ ಮೀನಿನ ಲಾರಿ ಮುಂದೆ ಇದ್ದರೆ ಅಂತರ ಬಿಡಿ. ಅದರಿಂದ ಸೋರುವುದು ಉಪ್ಪುನೀರು, ನಿಮ್ಮ ಗಾಡಿಯ ಅಡಿಗೆಲ್ಲ ಚಿಮ್ಮುತ್ತದೆ. ಮರವಂತೆ ಕಡೆ ಗಾಳಿ ಜೋರಿರುವ ದಿನ ಹೋಗಿ ಬಂದರೂ ಅಷ್ಟೇ. ಮನೆಗೆ ಬಂದು ಬಾವಿ ನೀರಿನ ಪೈಪ್ ಹಿಡಿದು ಚಕ್ರದ ಒಳಬದಿ, ಅಡಿ ಎಲ್ಲ ನಿಧಾನ ತೊಳೆದರೆ ಆಯಿತು, ಶಾಂಪೂ ಏನೂ ಬೇಡ. ಬಾವಿ ನೀರೇ ಬೇಸಿಗೆಯಲ್ಲಿ ಉಪ್ಪಾಗುವ ಮನೆಯಾದರೆ ಅದರಲ್ಲಿ ತೊಳೆಯಬೇಡಿ. ಅಳಿವೆ ಬದಿ ಎಂದಿದ್ದೀರಿ, ಅದಕ್ಕೆ ಹೇಳಿದ್ದು.

ಕಂಕನಾಡಿ ಹಳದಿ ಬೋರ್ಡ್:

ಸಾಲಿಗ್ರಾಮದ ಅಣ್ಣ, ಬುಷ್ ಉಬ್ಬುವ ವಿಷಯ ಸರಿ ಇರಬೇಕು. ನಮ್ಮ ಗಾಡಿಗೆ ಬುಷ್ ಬಾಳಿಕೆಯೇ ಬರುವುದಿಲ್ಲ, ರಸ್ತೆ ಸರಿ ಇಲ್ಲ ಎಂದುಕೊಂಡಿದ್ದೆವು. ಈ ವರ್ಷ ಆಯಿಲ್ ಬೇಡ ಎನ್ನುತ್ತೇನೆ.

ಹಂಗಾರಕಟ್ಟೆ ಟೀಚರ್:

ಸುರತ್ಕಲ್‌ನವರೇ, ನಮ್ಮ ಬಾವಿ ನೀರು ಏಪ್ರಿಲ್‌ನಲ್ಲಿ ಉಪ್ಪಾಗುವುದು ನಿಜ. ಅದರಲ್ಲೇ ಇಷ್ಟು ವರ್ಷ ಗಾಡಿ ತೊಳೆಯುತ್ತಿದ್ದರು ಅಪ್ಪ. ಇನ್ನು ಪಂಚಾಯತ್ ನಳ್ಳಿ ನೀರಲ್ಲೇ ತೊಳೆಯಲು ಹೇಳುತ್ತೇನೆ.

ಸಾಲಿಗ್ರಾಮದ ಅಣ್ಣ, ನಿಮ್ಮ ಅನುಮಾನವೇ ಸರಿ. ಜಾಲಿ ಬಿಚ್ಚಿದಾಗ ಒಳಗೆ ಎರಡು ಬೊಗಸೆಯಷ್ಟು ಕೊಳೆತ ಎಲೆ ಸಿಕ್ಕಿತು. ತೆಗೆದು ನೀರು ಹಾಕಿ ನೋಡಿದೆವು, ಒಳಗೆ ಬರಲಿಲ್ಲ. ಸ್ಟೆಪ್ನಿ ಮೇಲೆ 1211 ಎಂದಿದೆ, ಅದನ್ನೂ ಸೇರಿಸಿ ಐದು ಟಯರ್ ಹೇಳಿದ್ದೇವೆ. ಬ್ರೇಕ್ ಪೈಪ್ ಸೋಮವಾರ ಬರುತ್ತದೆ. ವೆಲ್ಡಿಂಗಿನವರು ಬ್ಯಾಟರಿ ಕಳಚುತ್ತೇವೆ ಎಂದು ನಾನು ಕೇಳುವ ಮೊದಲೇ ಹೇಳಿದರು, ಹಾಗಾಗಿ ಅವರಿಗೇ ಕೊಟ್ಟಿದ್ದೇವೆ. ಆರ್‌ಟಿಒಗೆ ಹೋಗಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.